ಬಾಣಂತನಕ್ಕೆ ಹೊರಟ ಪೆಟ್ಟಿಗೆ



ದಾವಣಗೆರೆಯ ಯುಬಿಡಿಟಿಯಲ್ಲೋ ನಮ್ಮ ಚಿತ್ರದುರ್ಗದ ಎಸ್‌ಜೆಎಂ ಕಾಲೇಜಿನಲ್ಲೋ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪನಿ ಸೇರಿ, ಅಲ್ಲಿಂದ ಅಮೆರಿಕಕ್ಕೋ ಜರ್ಮನಿಗೋ ಹೋದ ಮಕ್ಕಳು ಈಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಹಳ್ಳಿಗಳಲ್ಲೂ ಇದ್ದಾರೆ. ಅಡಿಕೆ ತೋಟ, ತೆಂಗಿನ ತೋಟ ನೋಡಿಕೊಂಡು ಊರಲ್ಲೇ ಉಳಿದ ಅಪ್ಪ ಅಮ್ಮಂದಿರಿಗೆ ಒಂದು ದಿನ ಫೋನ್ ಬರುತ್ತದೆ. ಮಗಳು ಬಸುರಿ. ಖುಷಿಯ ಹಿಂದೆಯೇ ಪ್ರಶ್ನೆ ಏಳುತ್ತದೆ: ಬಾಣಂತನಕ್ಕೆ ಯಾರು? ಬಸುರಿ ಮಗಳು ತವರಿಗೆ ಬರುವುದು ನಮ್ಮ ಪದ್ಧತಿ. ಈಗ ತವರೇ ಮಗಳ ಮನೆಗೆ ಹೋಗಬೇಕು. ಅದುವರೆಗೆ ಧರ್ಮಸ್ಥಳ, ತಿರುಪತಿ ಬಿಟ್ಟು ದೂರದ ಊರು ಕಾಣದ ತಾಯಿ, ಇಪ್ಪತ್ತು ಗಂಟೆಗೂ ಮಿಕ್ಕಿದ ಪ್ರಯಾಣಕ್ಕೆ ಸಿದ್ಧರಾಗಬೇಕು.

ಇಂಥ ತಾಯಂದಿರಿಗಾಗಿಯೇ ಇವತ್ತಿನ ಮಾತು. ಮಕ್ಕಳು ಅಲ್ಲಿಂದಲೇ ಟಿಕೆಟ್ ಮಾಡುತ್ತಾರೆ, ಅರ್ಜಿ ತುಂಬುತ್ತಾರೆ, ಇಲ್ಲಿ ಯಾರೋ ಸಂಬಂಧಿಕರ ಹುಡುಗ ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಕೈಗೆ ಕೊಡುತ್ತಾನೆ. ಅಮ್ಮ ಮಾತ್ರ ವಿಳಾಸ ಅಂಟಿಸಿದ ಪಾರ್ಸಲ್ಲಿನ ಹಾಗೆ ಹೊರಟುಬಿಡುತ್ತಾರೆ. ಹಾಗಾಗಬಾರದು. ನಿಮ್ಮ ಫೈಲಿನಲ್ಲಿ ಯಾವ ಕಾಗದವಿದೆ, ನಿಮ್ಮ ಪೆಟ್ಟಿಗೆಯಲ್ಲಿ ಯಾವ ಸಾಮಾನಿದೆ, ಎಷ್ಟು ದಿನ ಇರುವುದಕ್ಕೆ ಒಪ್ಪಿಗೆ ಸಿಕ್ಕಿದೆ, ಇವು ಬೇರೆ ಯಾರಿಗಿಂತ ಮೊದಲು ನಿಮಗೆ ಗೊತ್ತಿರಬೇಕು. ಓದು ಬರಹ ಕಡಿಮೆಯಿದ್ದರೂ ಇದು ಸಾಧ್ಯ. ಹತ್ತಾರು ಆಳಿಗೆ ಅಡುಗೆ ಮಾಡಿ ಹಾಕಿ, ಸುಗ್ಗಿ ನಿಭಾಯಿಸಿದ ಹೆಂಗಸರು ನೀವು.

ಮೊದಲು ಹೆಸರಿನಿಂದ ಶುರು ಮಾಡೋಣ. ನಮ್ಮ ಕಡೆ ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಹೆಂಗಸರ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು, ಗಂಡಸರದಾದರೆ ‘ಬಿನ್’ ಎಂದು ತಂದೆಯ ಹೆಸರು. ಕೆಲವರಿಗೆ ಊರಿನ ಹೆಸರೇ ಇನಿಷಿಯಲ್. ತಿಪ್ಪಮ್ಮ, ಕರಿಯಮ್ಮ, ಓಬಳಮ್ಮ ಎಂದು ಒಂಟಿ ಹೆಸರಿದ್ದವರೂ ಬಹಳ. ಪಾಸ್‌ಪೋರ್ಟಿನಲ್ಲಾದರೋ ಎರಡು ಮನೆ ಇರುತ್ತವೆ, ಒಂದು ಸ್ವಂತ ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಇಲ್ಲಿ ಪಾಸ್‌ಪೋರ್ಟ್ ಸಿಗುತ್ತದೆ, ತೊಡಕು ಮುಂದೆ ಬರುತ್ತದೆ. ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಮನೆತನದ ಹೆಸರಿನ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಗುರುತು ಅದು. ಟಿಕೆಟ್ಟು, ವಿಮೆ ಎಲ್ಲದರಲ್ಲೂ ಅದಕ್ಕೆ ಹೊಂದುವ ಹಾಗೆ ಬರೆಸಬೇಕಾಗುತ್ತದೆ. ದುಬೈ, ಅಬುಧಾಬಿ ಇರುವ ಯುಎಇ ದೇಶ 2022ರ ಕೊನೆಯಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ಭೇಟಿಗೆ ಬರುವವರ ಮೇಲೆ ನಿರ್ಬಂಧ ಹಾಕಿದಾಗ ನಮ್ಮ ದೇಶದ ಎಷ್ಟೋ ಮಂದಿ ಗಾಬರಿಯಾದರು. ಆದ್ದರಿಂದ ಮೊದಲ ಸಲ ಅರ್ಜಿ ಹಾಕುವಾಗಲೇ ತಂದೆಯದೋ ಗಂಡನದೋ ಹೆಸರನ್ನು ಎರಡನೆಯ ಮನೆಗೆ ಸೇರಿಸಿ, ಆಧಾರ್‌ನಲ್ಲೂ ಅದೇ ಅಕ್ಷರಗಳಲ್ಲಿ ಇರುವಂತೆ ಮೊದಲೇ ತಿದ್ದಿಸಿಕೊಳ್ಳಿ. ಹುಟ್ಟಿದ ತಾರೀಖಿಗೂ ಇದೇ ಮಾತು. ಮಕ್ಕಳ ಕಾಗದದಲ್ಲಿ ನಿಮ್ಮ ಹೆಸರು ಹೇಗಿದೆ ಎಂಬುದನ್ನೂ ಒಮ್ಮೆ ನೋಡಿ. ಮಗಳ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಜಯಮ್ಮ, ತಾಯಿಯ ಪಾಸ್‌ಪೋರ್ಟಿನಲ್ಲಿ ಜಯಲಕ್ಷ್ಮಮ್ಮ ಎಂದಿದ್ದರೆ, ವೀಸಾ ಕೊಡುವವರಿಗೆ ಇವರಿಬ್ಬರೂ ತಾಯಿ ಮಗಳು ಎಂದು ಹೇಗೆ ಗೊತ್ತಾಗಬೇಕು?

ಪಾಸ್‌ಪೋರ್ಟಿಗೆ ಮೊದಲು ಬೆಂಗಳೂರು, ಹುಬ್ಬಳ್ಳಿ ಎಂದು ಅಲೆಯಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದ ಮೇಲೆ ಈ ಕೆಲಸ ಅಂಚೆ ಕಚೇರಿಗಳಿಗೆ ಬಂದಿದೆ. ಪೊಲೀಸ್ ಪರಿಶೀಲನೆ ನಡೆಯುವ ದಿನಗಳಲ್ಲಿ ಊರಲ್ಲೇ ಇರಿ. ಪಾಸ್‌ಪೋರ್ಟ್ ಮೊದಲೇ ಇದೆ ಎನ್ನುವವರು ಅದರ ಅವಧಿ ನೋಡಿಕೊಳ್ಳಿ. ಪ್ರಯಾಣದ ದಿನದಿಂದ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು ಎಂಬುದು ಬಹಳಷ್ಟು ದೇಶಗಳ ನಿಯಮ.

ಅಮೆರಿಕದ ವೀಸಾ ಸಂದರ್ಶನಕ್ಕೆ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗಿ ಬರುವುದು ರೂಢಿ. ಅಲ್ಲಿ ಕೇಳುವುದು ನಾಲ್ಕೈದು ಮಾತು: ಯಾರ ಮನೆಗೆ, ಯಾಕೆ, ಎಷ್ಟು ದಿನ, ವಾಪಸು ಯಾವಾಗ. ಇದ್ದದ್ದನ್ನು ಇದ್ದ ಹಾಗೆ, ಚುಟುಕಾಗಿ ಹೇಳಿ. ಯಾರೋ ಕಲಿಸಿಕೊಟ್ಟ ಉತ್ತರ ಬಾಯಿಪಾಠ ಮಾಡಬೇಡಿ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ವೀಸಾ ಹತ್ತು ವರ್ಷಕ್ಕೆ ಸಿಕ್ಕಿತು ಎಂದರೆ ಹತ್ತು ವರ್ಷ ಅಲ್ಲಿ ಇರಬಹುದು ಎಂದಲ್ಲ, ಆ ಅವಧಿಯಲ್ಲಿ ಬಾಗಿಲು ತಟ್ಟಬಹುದು ಎಂದಷ್ಟೇ. ಎಷ್ಟು ದಿನ ಇರಬಹುದು ಎಂಬುದನ್ನು ನೀವು ಇಳಿದ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನ ಮಾಡುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು. ‘ಐ-94’ ಎಂಬ ದಾಖಲೆಯಲ್ಲಿ ಆ ತಾರೀಖು ಇರುತ್ತದೆ. ಮನೆ ತಲುಪಿದ ಮರುದಿನವೇ ಮಗಳ ಕೈಲಿ ಅದನ್ನು ತೆಗೆಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಮೊಮ್ಮಗುವಿನ ಮುಖ ನೋಡುತ್ತಾ ಆ ದಿನ ದಾಟಿಹೋದರೆ ಮುಂದಿನ ಸಲದ ದಾರಿಯೇ ಮುಚ್ಚಬಹುದು.

ಇನ್ನು ಔಷಧಿ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರು ಉಳಿಯುವಷ್ಟು ದಿನಕ್ಕೂ ಸಾಲುವಷ್ಟು ಮಾತ್ರೆ ಇಲ್ಲಿಂದಲೇ ಒಯ್ಯಬೇಕು. ಅಲ್ಲಿ ವೈದ್ಯರ ಚೀಟಿ ಇಲ್ಲದೆ ಅವು ಸಿಗುವುದಿಲ್ಲ, ವೈದ್ಯರನ್ನು ಕಾಣುವುದು ದುಬಾರಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಸ್ಟ್ರಿಪ್ಪಿನ ಮೇಲಿನ ಹೆಸರೇ ಅದಕ್ಕೆ ಸಾಕ್ಷಿ. ನಿಮ್ಮ ಡಾಕ್ಟರ ಹತ್ತಿರ ಔಷಧದ ಮೂಲ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಸಿ, ಸಹಿ, ಮೊಹರು ಹಾಕಿಸಿಕೊಳ್ಳಿ. ಇವೆಲ್ಲ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ಬೇರೆ ಊರಿಗೆ ಹೋಗಿಬಿಟ್ಟರೂ ಮಾತ್ರೆ ನಿಮ್ಮ ಜೊತೆಗಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಅದನ್ನು ಕೆಳಗಿನ ಸಾಮಾನಿಗೆ ಹಾಕಲೇಬಾರದು, ಅಲ್ಲಿಯ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಕನ್ನಡಕ ಎರಡು ಜೊತೆ ಇರಲಿ. ಪ್ರಯಾಣದ ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟ ಕಾಯಿಲೆಗೆ ವಿಮೆಯವರು ಹಣ ಕೊಡುವುದಿಲ್ಲ, ಅಮೆರಿಕದ ಆಸ್ಪತ್ರೆಯ ಬಿಲ್ಲು ಒಂದು ತೋಟದ ಬೆಲೆಯನ್ನೂ ಮೀರಬಹುದು.

ಈಗ ಪೆಟ್ಟಿಗೆಗೆ ಬರೋಣ. ಅಮೆರಿಕದ ಟಿಕೆಟ್ಟಿಗೆ ಹೆಚ್ಚಾಗಿ 23 ಕಿಲೋದ ಎರಡು ಪೆಟ್ಟಿಗೆ ಇರುತ್ತವೆ. ಇತ್ತೀಚೆಗೆ ಒಂದೇ ಪೆಟ್ಟಿಗೆಯ ಟಿಕೆಟ್ಟೂ ಬಂದಿವೆ, ಕೇಳಿ ತಿಳಿದುಕೊಳ್ಳಿ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಎಷ್ಟೋ ಮನೆಗಳಲ್ಲಿ ಅಡಿಕೆ ತೂಗುವ ಯಂತ್ರ ಇದ್ದೇ ಇರುತ್ತದೆ. ಪೆಟ್ಟಿಗೆಯನ್ನು ಅದರ ಮೇಲಿಟ್ಟು ನೋಡಿ, 22 ಕಿಲೋಗೆ ನಿಲ್ಲಿಸಿ. ವಿಮಾನ ನಿಲ್ದಾಣದಲ್ಲಿ ಜನರ ಮುಂದೆ ಪೆಟ್ಟಿಗೆ ಬಿಚ್ಚಿ ಸೀರೆ ತೆಗೆಯುವ, ಹಿಟ್ಟು ತೆಗೆಯುವ ಸಂಕಟ ಯಾವ ತಾಯಿಗೂ ಬರಬಾರದು.

ಬಾಣಂತಿಗೆ ಬೇಕಾದ ಮೆಂತ್ಯ, ಬೆಲ್ಲ, ಒಣಶುಂಠಿ, ಓಂಕಾಳು, ತೊಗರಿಬೇಳೆ ಎಲ್ಲವೂ ಈಗ ಅಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಹೊತ್ತು ತೂಕ ವ್ಯರ್ಥ ಮಾಡಬೇಡಿ. ಅಲ್ಲಿ ಸಿಗದೆ ಇರುವುದು ನಿಮ್ಮ ಕೈಯಿಂದ ಆದದ್ದು. ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಬಾಣಂತಿ ಖಾರ, ಹುರಿದು ಬೀಸಿದ ಮೆಂತ್ಯದ ಹಿಟ್ಟು. ಇವನ್ನು ಮಾಡುವಾಗ ಒಂದೊಂದನ್ನೂ ಬೇರೆ ಬೇರೆ ಹುರಿದು, ಬಿಸಿ ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬೆಚ್ಚಗಿರುವಾಗಲೇ ಕವರಿಗೆ ತುಂಬಿದರೆ ಒಳಗೆ ಬೆವರು ಕಟ್ಟಿ, ಊರು ಮುಟ್ಟುವಷ್ಟರಲ್ಲಿ ಮುಗ್ಗಲು ವಾಸನೆ ಬರುತ್ತದೆ. ದಪ್ಪ ಕವರಿಗೆ ತುಂಬಿ, ಗಾಳಿಯೆಲ್ಲ ಒತ್ತಿ ತೆಗೆದು, ಬಾಯಿಯನ್ನು ಬಿಸಿಯಲ್ಲಿ ಅಂಟಿಸಿ, ಅದನ್ನು ಇನ್ನೊಂದು ಕವರಿನಲ್ಲಿಡಿ. ಪೇಟೆಯ ಬೇಕರಿಗಳಲ್ಲಿ ಕವರ್ ಅಂಟಿಸುವ ಮಿಷನ್ ಇರುತ್ತದೆ, ಕೇಳಿದರೆ ಅಂಟಿಸಿ ಕೊಡುತ್ತಾರೆ. ಆಮೇಲೆ ಪ್ರತಿ ಕವರಿನ ಮೇಲೂ ಇಂಗ್ಲಿಷಿನಲ್ಲಿ ಏನೆಂದು ಬರೆಸಿ ಚೀಟಿ ಅಂಟಿಸಿ. ಹೆಸರಿಲ್ಲದ ಪುಡಿಯ ಪೊಟ್ಟಣ ಕಂಡರೆ ಯಾವ ದೇಶದ ಅಧಿಕಾರಿಗಾದರೂ ಅನುಮಾನ ಬರುವುದು ಸಹಜ. ಉಪ್ಪಿನಕಾಯಿ, ಖಾರದ ಪುಡಿ ಕೈಚೀಲದಲ್ಲಿ ಬೇಡ, ಕೆಳಗಿನ ಪೆಟ್ಟಿಗೆಯಲ್ಲೇ ಇರಲಿ.

ನಮ್ಮ ಹೊಸದುರ್ಗ, ಹಿರಿಯೂರು ಸೀಮೆಯವರಿಗೆ ಒಂದು ಮಾತು ಬೇಸರ ತರಬಹುದು. ಅಂಟಿನುಂಡೆಗೆ ಬೇಕೇಬೇಕಾದ ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ತಿಪಟೂರು ಮಾರುಕಟ್ಟೆಗೆ ಹೋಗುವ ನಮ್ಮ ಉಂಡೆ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ಎಣ್ಣೆ ತುಂಬಿದ ಕೊಬ್ಬರಿ ತಾನೇ ಕಾವೇರಿ ಬೆಂಕಿ ಹಿಡಿಯಬಲ್ಲದು ಎಂದು ಅದನ್ನು ಅಂತರರಾಷ್ಟ್ರೀಯ ನಿಯಮಗಳಲ್ಲಿ ಅಪಾಯದ ಸರಕಿನ ಗುಂಪಿಗೆ ಸೇರಿಸಿದ್ದಾರೆ. 2022ರಲ್ಲಿ ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಕೂಡ ಅದನ್ನು ನಿಷೇಧದ ಪಟ್ಟಿಗೆ ಹಾಕಿತು. ಮನೆಯ ತೋಟದ ಕೊಬ್ಬರಿ ಮಗಳಿಗೆ ಕೊಡಲಾಗಲಿಲ್ಲವೆಂಬ ಕೊರಗು ಬೇಡ. ಅಂಟನ್ನಷ್ಟೇ ಇಲ್ಲಿಂದ ಒಯ್ಯಿರಿ, ಉಂಡೆಯನ್ನು ಅಲ್ಲೇ ಕಟ್ಟಿದರಾಯಿತು. ದೇವರ ಕರ್ಪೂರಕ್ಕೂ ಬೆಂಕಿಯ ಕಾರಣಕ್ಕೇ ತಡೆ ಇದೆ. ಬೆಂಕಿಪೊಟ್ಟಣವೂ ಪೆಟ್ಟಿಗೆಯಲ್ಲಿ ಬೇಡ. ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಗೆ ಹಾಕಬಾರದು.

ಅಮೆರಿಕದವರು ತಡೆಯುವ ಸಾಮಾನು ಬೇರೆ ಇವೆ. ಹಸಿ ಕರಿಬೇವು ಬೇಡ. ನಿಂಬೆ, ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ, ಅದಕ್ಕೆ ಆ ತಡೆ. ಅಕ್ಕಿ, ಕಡಲೆ ಬೇಡ. ದಾಸ್ತಾನಿನ ಕಾಳನ್ನು ತಿಂದು ಹಾಕುವ ಖಾಪ್ರಾ ಎಂಬ ಹುಳುವಿಗೆ ಅವರು ಬಹಳ ಹೆದರುತ್ತಾರೆ. ಕಾಳಿನ ಹುಳುವಿನ ಕಾಟ ಕಂಡ ರೈತರಿಗೆ ಈ ಹೆದರಿಕೆ ಅರ್ಥವಾಗದೆ ಇರದು. ಮಗಳ ಹಿತ್ತಲಿಗೆಂದು ಹೀರೆ, ಅವರೆ, ಬೆಂಡೆ ಬೀಜದ ಗಂಟು ಕಟ್ಟಿಕೊಳ್ಳುವವರಿದ್ದಾರೆ, ಅನುಮತಿ ಪತ್ರ ಇಲ್ಲದೆ ಅದೂ ಆಗದು. ಹಣ್ಣು, ಮಾಂಸ ಬೇಡ. ದನಗಳಿಗೆ ಕಾಲುಬಾಯಿ ಜ್ವರ ಇರುವ ದೇಶ ನಮ್ಮದು, ಹೀಗಾಗಿ ಹಾಲಿನ ಸಿಹಿತಿಂಡಿಗೂ ತೊಂದರೆ. ಒಣಗಿದ ಮಸಾಲೆ ಪುಡಿಗಳಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ತಿನ್ನುವ ಸಾಮಾನು ಇದೆಯೇ ಎಂದು ಕೇಳಿದರೆ ಧೈರ್ಯವಾಗಿ ಹೌದೆನ್ನಿ. ಹೇಳಿ ತೋರಿಸಿದ ಸಾಮಾನು ತರಬಾರದ್ದಾಗಿದ್ದರೆ ತೆಗೆದುಕೊಂಡು ಬಿಟ್ಟುಬಿಡುತ್ತಾರೆ, ದಂಡ ಇಲ್ಲ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಆಸ್ಟ್ರೇಲಿಯಾಕ್ಕೆ ಹೋಗುವವರಂತೂ ತಿನ್ನುವ ಸಾಮಾನನ್ನು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲೇ ಬರೆದು ತಿಳಿಸಬೇಕು.

ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ನಾನಾದರೆ ಒಂದು ಕೌದಿ ಇಡುತ್ತೇನೆ. ಅಜ್ಜಿಯ, ಮುತ್ತಜ್ಜಿಯ ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಸಣ್ಣ ಕೌದಿ, ಎರಡು ಕುಲಾವಿ, ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯ ತುಂಡುಗಳು. ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಯಾವ ಕಸ್ಟಮ್ಸಿನವರೂ ಬೇಡ ಎನ್ನುವುದಿಲ್ಲ. ಎಳೆ ಕೂಸಿನ ಮೈಗೆ ಇಷ್ಟು ಹಿತವಾದ ಬಟ್ಟೆ ಬೇರೆ ಇಲ್ಲ. ಸಾಂಬ್ರಾಣಿ ಹೊಗೆಯ ಆಸೆ ಮಾತ್ರ ಇಲ್ಲೇ ಬಿಟ್ಟು ಹೋಗಿ. ಅಲ್ಲಿಯ ಮನೆಗಳ ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ, ಮಲಗಿದ ಕೂಸು ಬೆಚ್ಚಿ ಬೀಳುತ್ತದೆ. ಜೇನು ನೆಕ್ಕಿಸುವ ರೂಢಿಯನ್ನೂ ಬಿಡಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ, ಇದು ಇಲ್ಲಿಗೂ ಅಲ್ಲಿಗೂ ಒಂದೇ.

ಮಗಳಿಗೆ ಅಮೆರಿಕವಾದರೆ, ಇನ್ನು ಕೆಲವು ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ, ಹಿರಿಯರು ಹಜ್, ಉಮ್ರಾಗೆ ಹೊರಡುತ್ತಾರೆ. ಅವರಿಗೆ ಎಚ್ಚರಿಕೆ ಬೇರೆ. ನಮ್ಮ ಹಬ್ಬದ ಪಾಯಸದ ಗಸಗಸೆಯನ್ನು ಯುಎಇ, ಸೌದಿಯಲ್ಲಿ ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಒಂದು ಹಿಡಿ ಗಸಗಸೆ ಸಿಕ್ಕರೂ ಜೈಲಿನ ಮಾತು. ಮಸಾಲೆ ಪುಡಿಗೂ ಅದನ್ನು ಹಾಕಬೇಡಿ. ಕೆಲವು ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಹಜ್‌ಗೆ ಹೋಗುವವರು ಮೆನಿಂಜೈಟಿಸ್ ಲಸಿಕೆ, ಪೋಲಿಯೊ ಹನಿ ಹಾಕಿಸಿಕೊಂಡ ದಾಖಲೆ ಇಟ್ಟುಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗರು ಕೊಲ್ಲಿಗೆ ಕೆಲಸಕ್ಕೆ ಹೊರಟರೆ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದಿರುತ್ತದೆ. ಅಂಥವರಿಗೆ ಸರ್ಕಾರದ ವಲಸೆ ಅನುಮತಿ ಕಡ್ಡಾಯ. ಅದು ಅವರ ರಕ್ಷಣೆಗೇ ಇರುವುದು. ವಿಸಿಟ್ ವೀಸಾದಲ್ಲಿ ಕಳಿಸಿ ಆಮೇಲೆ ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟನನ್ನು ನಂಬಬೇಡಿ.

ಹೊರಡುವ ಸುದ್ದಿ ಹಬ್ಬಿತೆಂದರೆ ಪೊಟ್ಟಣಗಳು ಬರತೊಡಗುತ್ತವೆ. "ಅಕ್ಕಾ, ನಮ್ಮ ಹುಡುಗನೂ ಅಲ್ಲೇ ಹತ್ತಿರದಲ್ಲಿದಾನಂತೆ, ಇದೊಂದಿಷ್ಟು ಕೊಟ್ಬಿಡಿ" ಎಂದು ಬಾಗಿಲಲ್ಲಿ ನಿಂತವರಿಗೆ ಇಲ್ಲ ಎನ್ನುವುದು ನಮ್ಮ ಕಡೆಯವರಿಗೆ ಬಲು ಕಷ್ಟ. ಅವರ ಆಸೆಯಲ್ಲಿ ತಪ್ಪಿಲ್ಲ, ಅವರೂ ಮಗನನ್ನು ದೂರ ಕಳಿಸಿದ ತಾಯಿಯೇ. ಆದರೂ ಕಣ್ಣಾರೆ ಬಿಚ್ಚಿ ನೋಡದ ಯಾವುದನ್ನೂ ಪೆಟ್ಟಿಗೆಗೆ ಹಾಕಬೇಡಿ. "ಬಿಚ್ಚಿ ತನ್ನಿ ತಾಯಿ, ನಾನೇ ಕಟ್ಟಿಕೊಳ್ತೀನಿ" ಎಂದು ಹೇಳಿದರೆ ನಿಜವಾದ ನಂಟರು ಬೇಸರ ಮಾಡುವುದಿಲ್ಲ. ಪರಿಚಯವಿಲ್ಲದವರು ನಿಲ್ದಾಣದಲ್ಲಿ ಕೊಟ್ಟ ಪೊಟ್ಟಣವಂತೂ ಮುಟ್ಟಲೇಬಾರದು. ಅದರೊಳಗೆ ಏನೇ ಇರಲಿ, ಕಾನೂನಿನ ಕಣ್ಣಿಗೆ ಅದು ಹೊತ್ತವರದೇ.

ಕಾಗದಗಳ ನಕಲನ್ನು ಮನೆಯಲ್ಲಿ ಇಟ್ಟು ಹೋಗುವುದು ಎಷ್ಟು ಮುಖ್ಯ ಎಂದು ನಮ್ಮ ಪಕ್ಕದಲ್ಲೇ ನಡೆದದ್ದನ್ನು ನೆನೆದರೆ ತಿಳಿಯುತ್ತದೆ. ಹೊಳಲ್ಕೆರೆಗೆ ಹತ್ತಿಕೊಂಡ ಚನ್ನಗಿರಿ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಜನರ ಕ್ಯಾಂಪುಗಳಿವೆ. ಗಿಡಮೂಲಿಕೆ, ಕೂದಲೆಣ್ಣೆ ಕಟ್ಟಿಕೊಂಡು ಆಫ್ರಿಕಾದ ದೇಶಗಳವರೆಗೆ ಹೋಗಿ ವ್ಯಾಪಾರ ಮಾಡಿ ಬರುವ ಸಾಹಸಿಗಳು ಅವರು. ನಮ್ಮಲ್ಲಿ ಎಷ್ಟು ಓದಿದವರಿಗೂ ಇಲ್ಲದ ಧೈರ್ಯ ಅವರಿಗಿದೆ ಎಂದು ನನಗೆ ಅವರ ಬಗ್ಗೆ ಬಹಳ ಗೌರವ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ನೀರಿಲ್ಲ, ಊಟವಿಲ್ಲ, ಹೊರಗೆ ಗುಂಡಿನ ಸದ್ದು. ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತ ಸರ್ಕಾರ ಜನರನ್ನು ಪೋರ್ಟ್ ಸುಡಾನ್ ಬಂದರಿಗೆ ತಂದು, ಅಲ್ಲಿಂದ ಜೆಡ್ಡಾ ಮೂಲಕ ಊರಿಗೆ ಕರೆತಂದಿತು. ಯಾರು, ಎಲ್ಲಿ, ಯಾವ ಪಾಸ್‌ಪೋರ್ಟ್ ಸಂಖ್ಯೆ ಎಂಬುದು ಊರಿನವರ ಕೈಯಲ್ಲಿದ್ದರೆ ಇಂಥ ಹೊತ್ತಿನಲ್ಲಿ ಹುಡುಕುವವರ ಕೆಲಸ ಎಷ್ಟು ಹಗುರ! ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿಮೆ ಇವುಗಳ ಒಂದೊಂದು ನಕಲು ಮನೆಯಲ್ಲಿ, ಒಂದು ಕೈಚೀಲದಲ್ಲಿ, ಫೋಟೊ ಫೋನಿನಲ್ಲಿ. ಆ ದೇಶದ ಭಾರತ ರಾಯಭಾರ ಕಚೇರಿಯ ಫೋನ್ ನಂಬರೂ ಜೊತೆಗಿರಲಿ. ಆಫ್ರಿಕಾದ ಬಹಳಷ್ಟು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು, ಹತ್ತು ದಿನ ಮೊದಲೇ ಹಾಕಿಸಬೇಕು.

ಒಂದು ಕಾಲದಲ್ಲಿ ಭಾರತದಿಂದ ಹೊರಟವರಿಗೆ ಎಂಟು ಡಾಲರ್ ಮಾತ್ರ ಒಯ್ಯಲು ಬಿಡುತ್ತಿದ್ದರು. 1960ರ ದಶಕದಲ್ಲಿ ಓದಲು ಹೋದ ಎಷ್ಟೋ ಕನ್ನಡಿಗರು ಅಷ್ಟೇ ಹಣದಲ್ಲಿ ಇಳಿದವರು. ಈಗ ಆ ಕಷ್ಟ ಇಲ್ಲ. ದಾರಿ ಖರ್ಚಿಗೆ ಒಂದಿಷ್ಟು ಡಾಲರ್ ಸಾಕು. ಚಿನ್ನ ಮೈಮೇಲೆ ಇರುವಷ್ಟೇ ಇರಲಿ. ಹೆಚ್ಚಿಗೆ ಒಯ್ಯಲೇಬೇಕಾದರೆ ಹೊರಡುವಾಗ ಕಸ್ಟಮ್ಸಿನವರ ಹತ್ತಿರ ಬರೆಸಿ ಪ್ರಮಾಣಪತ್ರ ಪಡೆದರೆ ವಾಪಸು ಬರುವಾಗ ತಕರಾರು ಇರುವುದಿಲ್ಲ.

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ವಿಮಾನಕ್ಕೆ ಹೋಗುವವರು ಬೆಂಗಳೂರು ನಗರದೊಳಗೆ ಸಿಕ್ಕಿಕೊಳ್ಳದೆ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವುದು ಸಲೀಸು. ಹೊಸದುರ್ಗ ರೋಡ್ ಅಥವಾ ಚಿಕ್ಕಜಾಜೂರಿನಲ್ಲಿ ರೈಲು ಹತ್ತುವವರು ಹಿಂದಿನ ದಿನವೇ ಬೆಂಗಳೂರು ಮುಟ್ಟಿ. ವಿಮಾನದ ಹೊತ್ತಿಗಿಂತ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಟೆಂಪೊ ಮಾಡಿಕೊಂಡು ಕಳಿಸಿಕೊಡಲು ಬಂದ ನಂಟರಿಗೆ ಬಾಗಿಲ ಒಳಗೆ ಪ್ರವೇಶ ಇಲ್ಲ. ಕಾಲಿಗೆ ಬೀಳುವುದು, ಕಣ್ಣೀರು, ಮಡಿಲಿಗೆ ಅರಿಶಿನ ಕುಂಕುಮ ಎಲ್ಲವೂ ಮನೆಯಲ್ಲೇ ನೆಮ್ಮದಿಯಾಗಿ ಆಗಲಿ.

ಇಂಗ್ಲಿಷ್ ಬಾರದ ತಾಯಂದಿರು ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿಯ ನೆರವು ಕೇಳಬಹುದು. ಮಂಡಿನೋವು, ದೂರ ನಡೆಯಲಾಗದ ಸುಸ್ತು ಇದ್ದವರಿಗೆ ಅದು ದೊಡ್ಡ ಉಪಕಾರ. ನಡೆಯಬಲ್ಲವರು, ದಾರಿ ತೋರಿಸುವ ನೆರವು ಸಾಕು ಎಂದು ಬರೆಸಿದರೂ ಆದೀತು. ಅದರ ಜೊತೆಗೆ ಒಂದು ರಟ್ಟಿನ ಚೀಟಿ ಮಾಡಿಕೊಳ್ಳಿ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್. ನಿಮ್ಮ ಹೆಸರು, ವಿಮಾನದ ನಂಬರು, ಯಾವ ಊರಲ್ಲಿ ವಿಮಾನ ಬದಲಿಸಬೇಕು, ಮಗಳ ಮನೆಯ ವಿಳಾಸ, ಫೋನ್. ಕೆಳಗೆ ನಾಲ್ಕು ವಾಕ್ಯ: ನನಗೆ ಕನ್ನಡ ಮಾತ್ರ ಬರುತ್ತದೆ. ನಾನು ಸಸ್ಯಾಹಾರಿ. ನನಗೆ ಸಕ್ಕರೆ ಕಾಯಿಲೆ ಇದೆ. ಮುಂದಿನ ವಿಮಾನಕ್ಕೆ ದಾರಿ ತೋರಿಸಿ. ನಿಮಗೆ ಹೊಂದುವುದನ್ನು ಬರೆಸಿ. ಈ ಚೀಟಿ ಪರ್ಸಿನ ತಳದಲ್ಲಿ ಬೇಡ, ಪಾಸ್‌ಪೋರ್ಟಿನ ಒಳಗೇ ಇರಲಿ, ಪಾಸ್‌ಪೋರ್ಟ್ ಕೊರಳಿನ ಚೀಲದಲ್ಲಿರಲಿ. ಯಾವ ದೇಶದ ಕೌಂಟರಿನಲ್ಲಾದರೂ ಅದನ್ನು ತೆಗೆದು ಮುಂದೆ ಹಿಡಿಯಿರಿ, ಅವರು ಓದಿ ಮುಗಿಸುವವರೆಗೆ ಅವಸರಪಡದೆ ನಿಂತಿರಿ.